ಅಪರೂಪದ ಹೆಸರು, ಕಡ ತಂದ ಅರ್ಥ

ಹೆಣ್ಣುಮಗುವಿಗೆ ಹೆಸರಿಡುವುದು ನಮ್ಮಲ್ಲಿ ಈಗ ಒಂದು ಸಂಶೋಧನೆಯ ಕೆಲಸವಾಗಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕುಗಳಲ್ಲಿ ಎಲ್ಲಿಯಾದರೂ ಕನ್ನಡ ಮೇಷ್ಟರಾಗಿ ನೋಡಿ. ಪಾಠ ಹೇಳುವುದರ ಜೊತೆಗೆ ಸಂಬಳವಿಲ್ಲದ ಇನ್ನೊಂದು ಉದ್ಯೋಗವೂ ನಿಮ್ಮ ಪಾಲಿಗೆ ಬರುತ್ತದೆ. ಅದು ಹೆಸರು ಹುಡುಕಿಕೊಡುವ ಉದ್ಯೋಗ. ಕೇಳುವವರು ಹಳೆಯ ವಿದ್ಯಾರ್ಥಿಗಳು. ಇಲ್ಲವೆನ್ನಲು ಬಾಯಿ ಬರುವುದಿಲ್ಲ. ಅವರ ಷರತ್ತುಗಳಾದರೋ ಪರೀಕ್ಷೆಯ ಪ್ರಶ್ನೆಪತ್ರಿಕೆಗಿಂತ ಕಠಿಣವಾದವು. ಹೋದ ಮಳೆಗಾಲದಲ್ಲಿ ಒಬ್ಬ ಹೇಳಿದ: “ಸಾರ್, ಎರಡೇ ಅಕ್ಷರ ಇರಬೇಕು. ಊರಲ್ಲಿ ಯಾರೂ ಇಟ್ಟಿರಬಾರದು. ಒಳ್ಳೆ ಅರ್ಥ ಬರಬೇಕು. ಹಸ್ತಾ ನಕ್ಷತ್ರ, ಮೂರನೇ ಪಾದ. ‘ಣ’ ಅಂತ ಬಂದಿದೆ.”

ಣಕಾರದಿಂದ ಆರಂಭವಾಗುವ ಹೆಸರು ಕನ್ನಡದಲ್ಲಿಯೂ ಇಲ್ಲ, ಸಂಸ್ಕೃತದಲ್ಲಿಯೂ ಇಲ್ಲ. ಆರಿದ್ರೆಯ ಮೂರನೆಯ ಪಾದದಲ್ಲಿ ಹುಟ್ಟಿದ ಮಗುವಿಗೆ ‘ಙ’ ಬರುತ್ತದೆ. ಆ ತಂದೆತಾಯಿಗಳ ಅವಸ್ಥೆಯನ್ನು ವಾಚಕರೇ ಊಹಿಸಿಕೊಳ್ಳಬಹುದು. ತಮಾಷೆಯೆಂದರೆ ನಮ್ಮ ಶಾಸ್ತ್ರವಾದರೂ ಇದನ್ನು ಕೇಳಿಯೇ ಇಲ್ಲ. ನಾಮಕರಣದಲ್ಲಿ ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕ ನಾಮ ಎಂದು ನಾಲ್ಕು ಬಗೆ ಉಂಟು. ಪಾದದ ಅಕ್ಷರ ಬೇಕಾದದ್ದು ನಕ್ಷತ್ರನಾಮಕ್ಕೆ. ಮನೆಯವರು ಕೂಗುವ, ಶಾಲೆಯಲ್ಲಿ ಬರೆಸುವ ವ್ಯಾವಹಾರಿಕ ನಾಮಕ್ಕೆ ಅದರ ಹಂಗಿಲ್ಲ. ನಮ್ಮ ಅಜ್ಜಿಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು: ಪುರೋಹಿತರ ಅಕ್ಷರವನ್ನು ಮಗುವಿನ ಕಿವಿಯಲ್ಲಿ ಹೇಳಿ ಮುಗಿಸಿ, ತೊಟ್ಟಿಲಿನ ಮುಂದೆ ತಮಗೆ ಬೇಕಾದ ಹೆಸರು ಹಿಡಿದು ಕೂಗುತ್ತಿದ್ದರು. ಅಜ್ಜಿಗೆ ಇದ್ದ ಸ್ವಾತಂತ್ರ್ಯವನ್ನು ಇಂಜಿನಿಯರಾದ ಮೊಮ್ಮಗ ಕಳೆದುಕೊಂಡಿದ್ದಾನೆ.

ಅಕ್ಷರ ಹೇಗಾದರೂ ಇರಲಿ; ನನ್ನ ಜಗಳ ಇರುವುದು ಅರ್ಥದ ವಿಷಯದಲ್ಲಿ. ಹೆಸರಿನ ಪುಸ್ತಕಗಳೆಂದು ಅಂಗಡಿಯಲ್ಲಿ ಮಾರುವವುಗಳನ್ನೂ, ಈಗ ಮೊಬೈಲಿನಲ್ಲಿ ಕೈಯಿಂದ ಕೈಗೆ ಓಡಾಡುವ ಪಟ್ಟಿಗಳನ್ನೂ ನೋಡಿದ್ದೇನೆ. ಎಡಗಡೆ ಹೆಸರು, ಬಲಗಡೆ ಅರ್ಥ. ಬಲಗಡೆಯಲ್ಲಿ ಲಕ್ಷ್ಮಿ, ದುರ್ಗೆ, ಬೆಳಕು, ದೇವರ ಕೊಡುಗೆ ಇವೇ ನಾಲ್ಕೈದು ಮಾತು ತಿರುತಿರುಗಿ ಬರುತ್ತವೆ. ಎಡಗಡೆಯಲ್ಲಿ ಏನು ಬೇಕಾದರೂ ಇರಬಹುದು.

‘ಸಾನ್ವಿ’ಯನ್ನು ತೆಗೆದುಕೊಳ್ಳಿ. ಲಕ್ಷ್ಮಿಯ ಹೆಸರೆಂದು ಪಟ್ಟಿ ಹೇಳುತ್ತದೆ. ಆಪ್ಟೆಯವರ ಕೋಶದಲ್ಲಿ ಈ ಪದವಿಲ್ಲ; ಮೋನಿಯರ್ ವಿಲಿಯಮ್ಸ್ ಕೋಶದಲ್ಲಿಯೂ ಇಲ್ಲ. ಅಲ್ಲಿ ಇರುವುದು ‘ಸಾನು’, ಎಂದರೆ ಬೆಟ್ಟದ ಮೇಲಣ ಸಮನೆಲ. ಸಂಸ್ಕೃತದಲ್ಲಿ ಗುಣವನ್ನು ಹೇಳುವ ಉಕಾರಾಂತ ಶಬ್ದಗಳಿಗೆ ಸ್ತ್ರೀಲಿಂಗದಲ್ಲಿ ‘ವೀ’ ಎಂಬ ರೂಪ ಬರುವುದುಂಟು. ತನು ಎಂದರೆ ತೆಳುವಾದದ್ದು, ತೆಳುಮೈಯವಳು ತನ್ವಿ. ಪೃಥು ಎಂದರೆ ವಿಶಾಲ. ಹಾಗೆಯೇ ಭೂಮಿ ಪೃಥ್ವಿ. ಇದೇ ದಾರಿಯಲ್ಲಿ ಹಗುರವಾದವಳು ಲಘ್ವಿ, ಭಾರವಾದವಳು ಗುರ್ವಿ. ತನ್ವಿ ಎಂದು ಹೆಸರಿಡುವವರು ಮುಂದೆ ಆ ಹುಡುಗಿ ಗುರ್ವಿಯಾದರೆ ಏನು ಮಾಡಬೇಕೆಂಬುದನ್ನೂ ಯೋಚಿಸಿಕೊಳ್ಳುವುದು ಒಳ್ಳೆಯದು. ಅದಿರಲಿ, ಸಾನು ಗುಣವಲ್ಲ, ವಸ್ತು. ಅದರಿಂದ ಸಾನ್ವಿ ಹುಟ್ಟುವುದಿಲ್ಲ. ಹುಟ್ಟಿದರೂ ಅವಳು ಗುಡ್ಡದ ಸಂಬಂಧದವಳಾಗುವಳೇ ಹೊರತು ವಿಷ್ಣುಪತ್ನಿಯಾಗುವುದಿಲ್ಲ.

‘ವೇದಿಕಾ’ ಎಂದರೆ ವೇದವನ್ನು ಬಲ್ಲವಳು ಎನ್ನುತ್ತಾರೆ. ಸಂಸ್ಕೃತದ ವೇದಿಕಾ ನಮ್ಮ ವೇದಿಕೆಯೇ, ಕಟ್ಟೆ, ಜಗಲಿ. ಮೇಲೆ ಹತ್ತಿ ಭಾಷಣ ಮಾಡುವಂಥದು. ‘ಅನ್ವಿತಾ’ ಎಂದರೆ ಕೂಡಿದವಳು. ಯಾವುದರಿಂದ? ಗುಣಾನ್ವಿತೆ, ವಿದ್ಯಾನ್ವಿತೆ ಎಂದರೆ ಮಾತು ಪೂರ್ತಿಯಾಯಿತು. ಬರಿಯ ಅನ್ವಿತೆ ಎಂದರೆ ಸಮಾಸದ ತಲೆ ಕಡಿದು ಬಾಲವನ್ನು ತೊಟ್ಟಿಲಿಗೆ ಹಾಕಿದಂತೆ. ‘ಸಮೀಕ್ಷಾ’ ಎಂಬ ಹುಡುಗಿ ನಮ್ಮ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಇದ್ದಳು. ಜಾತಿ ಸಮೀಕ್ಷೆಯ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಸಹಪಾಠಿಗಳು ಅವಳನ್ನು ಕಾಡುತ್ತಿದ್ದರು. ಮನಸ್ವಿ, ಯಶಸ್ವಿ, ತಪಸ್ವಿ ಎಂದು ಹೆಣ್ಣುಮಕ್ಕಳಿಗೆ ಇಡುತ್ತಿದ್ದಾರೆ. ಇವು ಗಂಡಸಿನ ರೂಪಗಳು. ಹೆಣ್ಣಿಗೆ ಮನಸ್ವಿನಿ, ಯಶಸ್ವಿನಿ, ತಪಸ್ವಿನಿ ಎಂದಾಗಬೇಕು. ತೇಜಸ್ವಿ ಯಾರೆಂಬುದು ತೀರ್ಥಹಳ್ಳಿಯವರಿಗಂತೂ ಹೇಳಿಕೊಡಬೇಕಾಗಿಲ್ಲ. ಜಹ್ನು ಋಷಿ ಕುಡಿದು ಮತ್ತೆ ಹೊರಬಿಟ್ಟ ಗಂಗೆ ಜಾಹ್ನವಿಯಾದಳು. ಆ ‘ಹ್ನ’ವನ್ನು ಉಚ್ಚರಿಸಲಾರದೆ ‘ಜಾನ್ವಿ’ ಎಂದು ಬರೆಸಿದರೆ ಋಷಿಯೂ ಹೋದ, ಗಂಗೆಯೂ ಹೋದಳು. ಇನ್ನು ಮುಂಬಯಿಯ ತಾರಾ ದಂಪತಿಗಳು 2011ರಲ್ಲಿ ಹುಟ್ಟಿದ ಮಗಳಿಗೆ ಇಟ್ಟದ್ದೇ ತಡ, ನಮ್ಮಲ್ಲಿ ಊರೂರಿಗೆ ‘ಆರಾಧ್ಯ’ ಬಂತು. ಕನ್ನಡನಾಡಿನಲ್ಲಿ ಪಂಡಿತಾರಾಧ್ಯರು, ರೇವಣಾರಾಧ್ಯರು, ಮರುಳಾರಾಧ್ಯರು ಶತಮಾನಗಳಿಂದ ಇದ್ದಾರೆ. ಅದು ಆಚಾರ್ಯರ ಬಿರುದು, ಮನೆತನದ ಹೆಸರು. ಆಕಾರಾಂತ ಮಾಡಿ ‘ಆರಾಧ್ಯಾ’ ಎಂದರೆ ವ್ಯಾಕರಣವೇನೋ ಒಪ್ಪುತ್ತದೆ. ಆದರೆ ಮಗು ಉತ್ತರದಿಂದ ಬಂದ ಹೆಸರೆಂದು ಹೆಮ್ಮೆಪಡುವ ತಂದೆಗೆ ಪಕ್ಕದ ಬೀದಿಯ ಆರಾಧ್ಯರ ನೆನಪಾಗದಿರುವುದು ವಿಚಿತ್ರ.

ನಾನು ಸಂಸ್ಕೃತದ ವಕೀಲನೂ ಅಲ್ಲ, ಅಚ್ಚಗನ್ನಡದ ಕಾವಲುಗಾರನೂ ಅಲ್ಲ. ‘ಖುಷಿ’ ಎಂದು ಹೆಸರಿಡುವವರನ್ನು ಕಂಡರೆ ನನಗೆ ನಿಜವಾಗಿಯೂ ಖುಷಿಯಾಗುತ್ತದೆ. ಪಾರಸಿಯಿಂದ ಬಂದ ಮಾತೇ ಇರಬಹುದು. ನಮ್ಮ ಊರಿನ ಸಂತೆಯಲ್ಲಿ ತರಕಾರಿ ಮಾರುವವಳಿಗೂ ಅದರ ಅರ್ಥ ಗೊತ್ತು. ಅರ್ಥವೆಂದರೆ ಅದೇ ಅಲ್ಲವೆ? ಕೇಳಿದವನ ಕಿವಿಯಲ್ಲಿ ತಾನಾಗಿ ಹೊಳೆಯಬೇಕು. ಪಟ್ಟಿ ತೆರೆದು ಓದಿ ಹೇಳಬೇಕಾದ ಅರ್ಥ ಕಡ ತಂದ ಒಡವೆಯಂತೆ. ಕೊಟ್ಟವನು ಹಿತ್ತಾಳೆ ಕೊಟ್ಟನೆ, ಬಂಗಾರ ಕೊಟ್ಟನೆ ಎಂದು ಒರೆಗೆ ಹಚ್ಚುವವರು ಇಲ್ಲ.

ಹೆಣ್ಣಿನ ಹೆಸರಿಗೆ ಅರ್ಥ ಬೇಕೆಂಬ ಹಟ ಹೊಸದಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯ ಈ ಬಗ್ಗೆ ವಿಧಿಯನ್ನೇ ಮಾಡಿದೆ: ಹೆಣ್ಣಿನ ಹೆಸರು ಉಚ್ಚರಿಸಲು ಸುಲಭವಾಗಿರಬೇಕು, ಕ್ರೂರವಾಗಿರಬಾರದು, ಅರ್ಥ ಸ್ಪಷ್ಟವಾಗಿರಬೇಕು, ಮನೋಹರವೂ ಮಂಗಳಕರವೂ ಆಗಿದ್ದು ದೀರ್ಘಸ್ವರದಲ್ಲಿ ಕೊನೆಗೊಳ್ಳಬೇಕು. ಇಂದಿನ ಪಟ್ಟಿಗಳು ‘ಅರ್ಥ ಸ್ಪಷ್ಟ’ ಎಂಬುದೊಂದನ್ನು ಬಿಟ್ಟು ಉಳಿದುದನ್ನೆಲ್ಲ ತಿಳಿಯದೆಯೇ ಪಾಲಿಸುತ್ತಿವೆ. ಆದರೆ ಮೂರನೆಯ ಅಧ್ಯಾಯಕ್ಕೆ ಬನ್ನಿ. ಎಂಥ ಹೆಣ್ಣನ್ನು ಮದುವೆಯಾಗಬಾರದೆಂದು ಹೇಳುವಲ್ಲಿ ಅದೇ ಮನು ನಕ್ಷತ್ರದ ಹೆಸರಿನವಳು, ಮರದ ಹೆಸರಿನವಳು, ನದಿಯ ಹೆಸರಿನವಳು, ಬೆಟ್ಟದ, ಹಕ್ಕಿಯ, ಹಾವಿನ ಹೆಸರಿನವಳು ಬೇಡ ಎನ್ನುತ್ತಾನೆ. ಈ ಮಾತನ್ನು ನಮ್ಮ ಮಲೆನಾಡಿನವರು ಕೇಳಿದ್ದರೆ ಅರ್ಧಕ್ಕರ್ಧ ಹೆಣ್ಣುಮಕ್ಕಳು ತವರಿನಲ್ಲಿಯೇ ಉಳಿಯಬೇಕಾಗಿತ್ತು. ರೇವತಿ, ರೋಹಿಣಿ ನಕ್ಷತ್ರಗಳು. ಗಂಗಮ್ಮ, ಕಾವೇರಿ, ತುಂಗಮ್ಮ ನದಿಗಳು. ನಾಗಮ್ಮ, ನಾಗವೇಣಿ, ಶೇಷಮ್ಮ ಹಾವುಗಳು. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರ 1976ರ ಕಾದಂಬರಿ ‘ಫಣಿಯಮ್ಮ’; ಫಣಿ ಎಂದರೂ ಹೆಡೆಯ ಹಾವೇ. ನಾಗನಿಗೆ ಹರಕೆ ಹೊತ್ತು ಪಡೆದ ಮಗುವಿಗೆ ನಾಗನ ಹೆಸರು. ಹೊಳೆಯ ದಡದಲ್ಲಿ ಬದುಕಿದವರ ಮಗುವಿಗೆ ಹೊಳೆಯ ಹೆಸರು. ಮನುವಿಗೆ ಅಂಜದೆ ಜನ ತಮ್ಮ ನೆಲವನ್ನು ತಮ್ಮ ಹೆಣ್ಣುಮಕ್ಕಳ ಮೇಲೆ ಬರೆದರು. ಕುಪ್ಪಳಿಯ ಕವಿಯ ಕೈಹಿಡಿದ ದೇವಂಗಿಯ ಹೆಣ್ಣಿನ ಹೆಸರೂ ಒಂದು ನದಿಯದೇ, ಹೇಮಾವತಿ.

ಅಪರೂಪದ ಹೆಸರು ಬೇಕೆ? ಮೂರು ತಾಲ್ಲೂಕುಗಳ ಭೂಪಟವನ್ನು ಹರಡಿಕೊಂಡು ಕೂತುಕೊಳ್ಳಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವವಳು ಶರಾವತಿ. ರಾಮನು ಬಾಣ ಬಿಟ್ಟು ನೀರು ತೆಗೆದನೆಂದು ಸ್ಥಳದ ಕತೆ. ಶರ ಎಂದರೆ ಜೊಂಡು ಹುಲ್ಲೂ ಹೌದು, ಜೊಂಡು ಬೆಳೆದ ಹೊಳೆ ಎಂದರೂ ಸೊಗಸೇ. ಈ ನದಿಗೆ 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಬಿದ್ದು ಎಷ್ಟೋ ಊರುಗಳ ಹೆಸರುಗಳೇ ನೀರಿನ ಕೆಳಗೆ ಹೋದವು. ಆ ಊರುಗಳಿಂದ ಎದ್ದುಬಂದವರ ಮನೆಯಲ್ಲಿ ಒಬ್ಬ ಶರಾವತಿ ಇದ್ದರೆ ಅದಕ್ಕೆ ಪಟ್ಟಿಯ ಅರ್ಥ ಬೇಕಾಗುವುದಿಲ್ಲ. ಸಾಗರದ ಬಳಿ ವರದಾಮೂಲದಲ್ಲಿ ಹುಟ್ಟಿ ಗಳಗನಾಥದ ಹತ್ತಿರ ತುಂಗಭದ್ರೆಯನ್ನು ಸೇರುವವಳು ವರದಾ, ವರ ಕೊಡುವವಳು. ಹುಂಚದ ಸೀಮೆಯಲ್ಲಿ ಹುಟ್ಟುವವಳು ಕುಮುದ್ವತಿ. ಬಿಳಿಯ ನೈದಿಲೆಗಳು ತುಂಬಿದವಳೆಂದು ಅರ್ಥ. ಕಾಳಿದಾಸನ ರಘುವಂಶದಲ್ಲಿ ರಾಮನ ಮಗ ಕುಶನ ಕೈಹಿಡಿದ ನಾಗಕನ್ಯೆಗೂ ಇದೇ ಹೆಸರು. ಆಗುಂಬೆಯ ಕಡೆಯಿಂದ ಬಂದು ತುಂಗೆಯನ್ನು ಕೂಡುವ ಮಾಲತಿ ಎಂದರೆ ಜಾಜಿ ಹೂವು. ಹೊಸನಗರದ ಕಾಡಿನಲ್ಲಿ ವಾರಾಹಿ ಇದ್ದಾಳೆ, ಚಕ್ರಾ ಇದ್ದಾಳೆ. ಎರಡೇ ಅಕ್ಷರ ಬೇಕೆಂಬ ನನ್ನ ಶಿಷ್ಯನಿಗೆ ತುಂಗಾ ಸಾಲದೆ? ತುಂಗ ಎಂದರೆ ಎತ್ತರ. ಹೆಣ್ಣುಮಗುವಿಗೆ ತೆಳುಮೈಯನ್ನು ಹಾರೈಸುವುದಕ್ಕಿಂತ ಎತ್ತರವನ್ನು ಹಾರೈಸುವುದು ಮೇಲೆಂದು ನನ್ನ ಅಭಿಪ್ರಾಯ.

ಹೂವಿನ ಮಾತೂ ಹಾಗೆಯೇ. ಒಣಗಿದ ಮೇಲೂ ಘಮಘಮಿಸುವ ಸುರಗಿ ನಮ್ಮ ಕಾಡಿನದು. ಮಳೆ ಹಿಡಿಯುವ ಹೊತ್ತಿಗೆ ಮರದ ಕೊಂಬೆಯಿಂದ ದಂಡೆಯಾಗಿ ಇಳಿಬೀಳುವ ಸೀತಾಳೆಯನ್ನು ನೋಡಿದವರು ಪಟ್ಟಿಯಲ್ಲಿ ‘ವಿದೇಶೀ ಪುಷ್ಪ’ವನ್ನು ಹುಡುಕಲಾರರು. ಮೇಲೊಂದಿಷ್ಟು ಪೇಟೆಯವರು ‘ಆರ್ಕಿಡ್’ ಎಂದು ಹಣ ಕೊಟ್ಟು ತರುವುದು ಇದರ ನೆಂಟರನ್ನೇ.

ಚರಿತ್ರೆ ಬೇಕಾದವರು ಹುಂಚಕ್ಕೆ ಹೋಗಬೇಕು. ಅಲ್ಲಿಯ ಪಂಚಕೂಟ ಬಸದಿ 1077ರದು. ಕಟ್ಟಿಸಿದವರಲ್ಲಿ ಮುಖ್ಯಳು ಚಟ್ಟಲದೇವಿ. ತೀರಿಕೊಂಡ ತಂಗಿಯ ಗಂಡುಮಕ್ಕಳನ್ನು ತನ್ನವರೆಂದೇ ಸಾಕಿದವಳು. ಅದೇ ಸಾಂತರ ಮನೆತನದ ವಿದುಷಿ ಪಂಪಾದೇವಿ. ನೆರೆಯ ಶಿಕಾರಿಪುರದ ಬಂದಳಿಕೆಯ ಶಾಸನದಲ್ಲಿ ಹತ್ತನೆಯ ಶತಮಾನದ ಆರಂಭದ ಜಕ್ಕಿಯಬ್ಬೆ ಸಿಗುತ್ತಾಳೆ. ಗಂಡ ತೀರಿದ ಮೇಲೆ ನಾಗರಖಂಡ ಎಪ್ಪತ್ತನ್ನು ಆಳಿ, ಕೊನೆಗಾಲದಲ್ಲಿ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಬಸದಿಯಲ್ಲಿ ವ್ರತದಿಂದ ದೇಹ ಬಿಟ್ಟವಳು. ಸಾಗರದ ಹತ್ತಿರದ ಕೆಳದಿಯ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನನ್ನು ಎದುರುಹಾಕಿಕೊಂಡವಳು. ಚೆನ್ನಮ್ಮ ಎಂದರೆ ಈಗ ಮೂಗು ಮುರಿಯುತ್ತಾರೆ, ಹಳ್ಳಿಯ ಹೆಸರಂತೆ. ಚೆನ್ನು ಎಂಬ ಮಾತಿನ ಅರ್ಥವನ್ನು ಕನ್ನಡಿಗನಿಗೆ ಬಿಡಿಸಿ ಹೇಳಬೇಕೆ? ‘ಅಮ್ಮ’ ಬೇಡವಾದರೆ ‘ಚೆನ್ನೆ’ ಎನ್ನಿ, ‘ಚೆನ್ನಿ’ ಎನ್ನಿ. ಇಷ್ಟು ಚಿಕ್ಕದು, ಇಷ್ಟು ಅಪರೂಪದ್ದು ಯಾವ ಪಟ್ಟಿಯಲ್ಲಿದೆ?

ಇಷ್ಟು ಹೇಳಿದ ಕೂಡಲೇ ನನ್ನ ಬೆನ್ನು ತಟ್ಟಲು ಒಂದು ಗುಂಪು ಬರುತ್ತದೆಂದು ಬಲ್ಲೆ. “ನೋಡಿ, ಹಿಂದಿನ ಹೆಸರುಗಳು ಎಷ್ಟು ಚೆನ್ನಾಗಿದ್ದವು” ಎನ್ನುವ ಗುಂಪು. ಅವರೊಂದಿಗೆ ನನ್ನ ಜಗಳ ಇನ್ನೂ ದೊಡ್ಡದು. ಹಿಂದಿನ ಹೆಸರುಗಳಲ್ಲಿ ಸಾಕಮ್ಮ ಇದ್ದಳು. ಹೆಣ್ಣು ಹುಟ್ಟಿದ್ದು ಸಾಕು ಎಂದು ದೇವರಿಗೆ ಬರೆದ ಅರ್ಜಿಯನ್ನು ಒಬ್ಬ ಹುಡುಗಿ ಬದುಕಿರುವವರೆಗೂ ಹೊತ್ತು ತಿರುಗಬೇಕಾಗಿತ್ತು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ‘ನಕುಶಾ’, ಎಂದರೆ ಬೇಡವಾದವಳು ಎಂಬ ಹೆಸರು ಹೊತ್ತ 285 ಹುಡುಗಿಯರಿಗೆ 2011ರ ಅಕ್ಟೋಬರಿನಲ್ಲಿ ಸಭೆ ಸೇರಿಸಿ ಹೊಸ ಹೆಸರು ಕೊಟ್ಟರು. ಆ ಹುಡುಗಿಯರು ಐಶ್ವರ್ಯಾ ಎಂದೋ ಸಾನ್ವಿ ಎಂದೋ ಇಟ್ಟುಕೊಂಡಿದ್ದರೆ ನಾನು ನಿಘಂಟು ಹಿಡಿದುಕೊಂಡು ಹೋಗುತ್ತಿರಲಿಲ್ಲ. ತಿಪ್ಪಮ್ಮ, ಹುಚ್ಚಮ್ಮ, ಗುಂಡಮ್ಮಂದಿರ ಕತೆ ಬೇರೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಯಮನ ಕಣ್ಣು ತಪ್ಪಿಸಲು ಇಟ್ಟ ಹೆಸರುಗಳು ಅವು. ಕೇಳಲು ಒರಟು, ಒಳಗೆ ತಾಯಿಯ ಎದೆಬಡಿತ ಇದೆ.

ಅದಕ್ಕಿಂತ ಕಠಿಣವಾದ ಮಾತು ಇನ್ನೊಂದುಂಟು. ನಮ್ಮ ಅಜ್ಜಂದಿರ ಮಲೆನಾಡಿನಲ್ಲಿ ಒಡೆಯರ ಮನೆಯ ಮಗಳು ಚಿನ್ನಮ್ಮ, ಸೀತಮ್ಮ. ಅವರ ಗದ್ದೆಯಲ್ಲಿ ನೆಟ್ಟಿ ನೆಡುವವಳು ತಿಮ್ಮಿ, ಚೌಡಿ, ಬೈರಿ. ಇಬ್ಬರ ಹೆಸರೂ ದೇವರದೇ. ಆದರೆ ಒಬ್ಬಳಿಗೆ ಸಿಕ್ಕ ‘ಅಮ್ಮ’ ಇನ್ನೊಬ್ಬಳಿಗೆ ಸಿಗಲಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಚಿನ್ನಮ್ಮನೂ ತಿಮ್ಮಿಯೂ ಒಲಿದವನಿಗಾಗಿ ಮನೆ ಬಿಟ್ಟು ಹೊರಡುವವರೇ. ಪ್ರೇಮ ಒಂದೇ, ಧೈರ್ಯ ಒಂದೇ, ಕೂಗುವ ಬಗೆ ಮಾತ್ರ ಎರಡು. ಶೂದ್ರನ ಹೆಸರು ಹೇಸಿಕೆ ತರುವಂತಿರಬೇಕೆಂದು ವಿಧಿಸಿದವನೂ ಮೇಲೆ ಹೇಳಿದ ಆ ಮನುವೇ. ನದಿಯ ಹೆಸರಿನ ವಿಷಯದಲ್ಲಿ ಅವನ ಮಾತನ್ನು ಗಾಳಿಗೆ ತೂರಿದ ನಮ್ಮ ಹಿರಿಯರು ಈ ವಿಷಯದಲ್ಲಿ ಮಾತ್ರ ಬಹಳ ವಿಧೇಯರಾಗಿ ನಡೆದುಕೊಂಡರು.

1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದುನಿಂತರು. 1974ರ ಭೂಸುಧಾರಣೆಯಲ್ಲಿ ಉಳುವವನಿಗೆ ನೆಲದ ಹಕ್ಕು ಬಂತು. ನೆಲದ ಹಕ್ಕಿನ ಹಿಂದೆಯೇ ಹೆಸರಿನ ಹಕ್ಕೂ ಬಂತು. ತಿಮ್ಮಿಯ ಮೊಮ್ಮಗಳು ಅನನ್ಯಾ ಆದಳು. ಅನನ್ಯಾ ಎಂದರೆ ಇನ್ನೊಬ್ಬಳಿಲ್ಲದವಳು. ಅರ್ಥ ಸರಿಯಾಗಿಯೇ ಇದೆ. ಹಾಜರಿ ಕೂಗುವಾಗ ಯಾರ ಮಗಳು, ಯಾವ ಕೇರಿ ಎಂದು ಹೆಸರಿನಿಂದ ನನಗೆ ತಿಳಿಯುವುದಿಲ್ಲ. ಇಪ್ಪತ್ತು ವರ್ಷದ ಕೆಳಗೆ ತಿಳಿಯುತ್ತಿತ್ತು. ಹೊಸ ಹೆಸರುಗಳು ಮಾಡಿದ ಉಪಕಾರ ಇದು, ಸಣ್ಣದಲ್ಲ. ಕೂಲಿಯವನ ಮಗಳಿಗೆ ‘ಐಶ್ವರ್ಯಾ’ ಎಂಬ ಹೆಸರೆ ಎಂದು ಜಗಲಿಯ ಮೇಲೆ ಕೂತು ನಗುವವರನ್ನು ನಾನು ಕಂಡಿದ್ದೇನೆ. ಆ ನಗುವಿನಲ್ಲಿ ಭಾಷೆಯ ಅಭಿಮಾನ ಒಂದು ಕಾಸಿನಷ್ಟೂ ಇಲ್ಲ. ಇರುವುದು ಹಳೆಯ ದಣಿಗಳ ಹೊಟ್ಟೆಕಿಚ್ಚು.

ಆದುದರಿಂದ ನನ್ನ ದೂರು ತಿಮ್ಮಿಯ ಮಗನ ಮೇಲಲ್ಲ. ಅವನಿಗೆ ಯಾರೂ ಕೋಶವನ್ನು ತೆರೆದು ತೋರಿಸಿರಲಿಲ್ಲ. ನನ್ನ ದೂರು ಮನೆಯ ಕಪಾಟಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಇಟ್ಟುಕೊಂಡೂ ಮೊಬೈಲಿನ ಪಟ್ಟಿಯನ್ನು ನಂಬುವವರ ಮೇಲೆ. ನಮ್ಮ ಮೇಲೆಯೇ, ಓದಿದವರ ಮೇಲೆ. ಹೊಸ ಹೆಸರು ಕಟ್ಟಬಾರದೆಂದು ಯಾರು ಹೇಳಿದರು? ತಾನು ಬರಿಯ ಪುಟ್ಟಪ್ಪನಾಗಿದ್ದ ಕುವೆಂಪು ಗಂಡುಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ ಎಂದೂ, ಹೆಣ್ಣುಮಕ್ಕಳಿಗೆ ಇಂದುಕಲಾ, ತಾರಿಣಿ ಎಂದೂ ಹೆಸರಿಟ್ಟರು. ಚಂದ್ರನ ಒಂದು ಕಲೆ ಒಬ್ಬಳು, ದಾಟಿಸುವವಳು ಇನ್ನೊಬ್ಬಳು. ಆ ಕಾಲದ ತೀರ್ಥಹಳ್ಳಿಯಲ್ಲಿ ಇವಕ್ಕಿಂತ ಅಪರೂಪದ ಹೆಸರುಗಳು ಯಾರ ಮನೆಯಲ್ಲಿದ್ದವು? ಆದರೆ ಬಿಡಿಸಿದರೆ ಒಳಗೆ ಕಾಳು ಸಿಗುತ್ತದೆ, ಬರಿಯ ಹೊಟ್ಟಲ್ಲ.

“ಹೆಸರಿನಲ್ಲೇನಿದೆ, ಅವರವರ ಇಷ್ಟ” ಎಂದು ನನ್ನ ಸಹೋದ್ಯೋಗಿಗಳೊಬ್ಬರು ವಾದಿಸುತ್ತಾರೆ. ಗಣಿತದವರು, ಅವರಿಗೆ ‘ಕ್ಷ’ ಎಂದರೂ ಸರಿ. ಅವರಿಗೆ ನನ್ನ ಸೋದರತ್ತೆಯ ವಿಷಯ ಹೇಳಿದೆ. ತವರಿನಲ್ಲಿ ಆಕೆಯ ಹೆಸರು ವರದಾ. ಹದಿನಾರಕ್ಕೆ ಮದುವೆಯಾಯಿತು. ಗಂಡನ ಅಜ್ಜಿಯ ಹೆಸರೂ ವರದಮ್ಮ. ಹಿರಿಯರ ಹೆಸರು ಹಿಡಿದು ಸೊಸೆಯನ್ನು ಗದರುವುದು ಹೇಗೆ? ಮದುವೆಯ ದಿನವೇ ಹೆಸರು ಬದಲಿಸಿ ಸಾವಿತ್ರಿ ಎಂದರು. ನಮ್ಮ ಕಡೆಯ ಕೆಲವು ಮನೆತನಗಳಲ್ಲಿ ಹೀಗೆ ಮಾಡುವ ರೂಢಿ ಇತ್ತು. ಹೊಸ ಹೆಸರಿನ ಅರ್ಥವೂ ಬಹಳ ಮಂಗಳಕರವಾಗಿಯೇ ಇರುತ್ತಿತ್ತು. ಮೊದಲ ವರ್ಷ ಯಾರಾದರೂ ಸಾವಿತ್ರೀ ಎಂದು ಕೂಗಿದರೆ ಆಕೆ ತಿರುಗಿ ನೋಡುತ್ತಿರಲಿಲ್ಲವಂತೆ. ಸೊಕ್ಕಿನವಳೆಂದು ಮಾತು ಬಂತು. ಎಂಬತ್ತು ದಾಟಿದ ಮೇಲೆ ನೆನಪು ತಪ್ಪಿದಾಗ ಸೊಸೆ, ಮಕ್ಕಳು, ವೈದ್ಯರು ಸಾವಿತ್ರಮ್ಮ ಎಂದು ಕರೆದರೆ ಸುಮ್ಮನೆ ಗೋಡೆ ನೋಡುತ್ತಿದ್ದಳು. ನಮ್ಮ ತಂದೆ ಹೋಗಿ “ವರದಾ” ಎಂದರೆ “ಏನೋ” ಎನ್ನುತ್ತಿದ್ದಳು. ಗಣಿತದವರು ಮಾತನಾಡಲಿಲ್ಲ.

ಇಷ್ಟು ದಿನ ಉಳಿಯಬೇಕಾದದ್ದನ್ನು ಆಸ್ಪತ್ರೆಯ ಮಂಚದ ಪಕ್ಕದಲ್ಲಿ ನಿಂತು ಹತ್ತು ನಿಮಿಷದಲ್ಲಿ ಆರಿಸುತ್ತಾರೆ. ಏಕೆಂದು ಕೇಳಿದರೆ “ಜನನ ಪತ್ರಕ್ಕೆ ಕೂಡಲೇ ಕೊಡಬೇಕು ಸಾರ್” ಎನ್ನುತ್ತಾರೆ. ಕೊಡಬೇಕಾಗಿಲ್ಲ. 1969ರ ಜನನ ಮರಣ ನೋಂದಣಿ ಕಾನೂನಿನ ಪ್ರಕಾರ ಇಪ್ಪತ್ತೊಂದು ದಿನದೊಳಗೆ ಬರೆಸಬೇಕಾದದ್ದು ಹುಟ್ಟನ್ನು. ಹೆಸರಿನ ಜಾಗ ಖಾಲಿ ಬಿಡಬಹುದು. ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಶುಲ್ಕ ಕೊಟ್ಟರೆ ಹದಿನೈದು ವರ್ಷದವರೆಗೂ ಅವಕಾಶವಿದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗಂತೂ ಶಾಲೆಯಿಂದ ಮತದಾರರ ಪಟ್ಟಿಯವರೆಗೆ ಈ ಪತ್ರವೇ ಆಧಾರ. ಇಲ್ಲಿ ‘ಜಾನ್ವಿ’ ಎಂದು ಬಿದ್ದರೆ ಮುಂದೆ ಜಾಹ್ನವಿಯಾಗಲು ಕಚೇರಿಗಳ ಮೆಟ್ಟಿಲು ಸವೆಸಬೇಕು. ನನ್ನ ಆ ಶಿಷ್ಯ ಹೆಸರಿನ ಜಾಗವನ್ನು ಖಾಲಿ ಬಿಟ್ಟು ಬಂದಿದ್ದಾನೆ. ಬರುವ ಭಾನುವಾರ ಮಗುವನ್ನೂ ಬಾಣಂತಿಯನ್ನೂ ಕರೆದುಕೊಂಡು ಎಲ್ಲಿಗಾದರೂ ಹೋಗಿ ಬರಬೇಕೆಂದಿದ್ದಾನಂತೆ. ವರದಾಮೂಲ ಸಾಗರದ ಪೇಟೆಯಿಂದ ಹತ್ತು ಕಿಲೋಮೀಟರೂ ಇಲ್ಲವೆಂದು ಹೇಳಿದ್ದೇನೆ.